ಕೈರೋಪ್ರಾಕ್ಟಿಕ್ ಮತ್ತು ಸೊಂಟನೋವು

ಕೈರೋಪ್ರಾಕ್ಟಿಕ್: ಮುಖ್ಯವಾಗಿ ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ, ಅಲುಗಿಸಿ ನೋವು ತಗ್ಗಿಸಲು ಯತ್ನಿಸುವ ಚಿಕಿತ್ಸಾಪದ್ಧತಿ. ‘ಕೈ’ ಮತ್ತು ‘ಕ್ರಿಯೆ’ ಎಂಬರ್ಥದ ಗ್ರೀಕ್ ಪದಗಳಿಂದ ಈ ಹೆಸರು ಬಂದಿದೆ. ಡೇನಿಯಲ್ ಡೇವಿಡ್ ಪಾಮರ್ (1845–1913) 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ ಇದನ್ನು ಆರಂಭಿಸಿದ. ಬಹುತೇಕ ರೋಗಗಳಿಗೆ ಕಶೇರುಗಳ ಸ್ಥಾನಪಲ್ಲಟವೇ ಮೂಲವೆಂಬ ಅವನ ವಾದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಆದರೆ ಸೊಂಟನೋವಿನ ಮಟ್ಟಿಗೆ ಈ ಚಿಕಿತ್ಸೆಗೆ ಸೀಮಿತ ಮನ್ನಣೆ ದೊರೆತಿದೆ.

ವಿಧಾನ: ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಸೊಂಟದ ಕೀಲಿಗೆ ಥಟ್ಟನೆ ಚುಟುಕಾದ ಒತ್ತು ಕೊಡುವುದು ಸಾಮಾನ್ಯ ಕ್ರಮ. ಆಗ ಕೇಳಿಸುವ ಲಟಲಟ ಸದ್ದು ಮೂಳೆ ‘ಕೂಡಿಕೊಂಡ’ ಗುರುತಲ್ಲ. ಕೀಲಿನ ದ್ರವದಲ್ಲಿ ಉಂಟಾಗುವ ಅನಿಲದ ಗುಳ್ಳೆ ಅದಕ್ಕೆ ಕಾರಣ.

ಪರಿಣಾಮ: ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರ ಮಾರ್ಗಸೂಚಿಯಲ್ಲಿ ಬೆನ್ನುಮೂಳೆಯ ಹಸ್ತಚಿಕಿತ್ಸೆಯನ್ನು ಸೊಂಟನೋವಿಗೆ ಔಷಧರಹಿತ ಆಯ್ಕೆಗಳಲ್ಲೊಂದಾಗಿ ಸೇರಿಸಿತು. ಉಪಶಮನ ಸಾಧಾರಣ ಮಟ್ಟದ್ದು. ವ್ಯಾಯಾಮ ಮುಂತಾದ ಇತರ ಚಿಕಿತ್ಸೆಗಳಿಗೆ ಹೆಚ್ಚುಕಡಿಮೆ ಸಮಾನ.

ಎಚ್ಚರಿಕೆ: ಚಿಕಿತ್ಸೆಯ ನಂತರ ಒಂದೆರಡು ದಿನ ಮೈಕೈ ನೋವು ಬರಬಹುದು. ಮೂಳೆಸವೆತ, ಮೂಳೆಮುರಿತ, ಕ್ಯಾನ್ಸರ್ ಅಥವಾ ಸೋಂಕು ಇರುವವರಿಗೆ ಇದು ಅಪಾಯಕಾರಿ. ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.