ಬಿರುಕು ತೋರಿದ ದಾರಿ

ಚೆನ್ನೈನ ಕೋಯಂಬೇಡು ನಿಲ್ದಾಣದಲ್ಲಿ ಮೆಟ್ರೊ ರೈಲು ಮೇಲ್ಸೇತುವೆಯ ಮೇಲೆ ನಿಲ್ಲುತ್ತದೆ. ಸೆಂಟ್ರಲ್ ಕಡೆಗೆ ಹೊರಟರೆ, ಮುಂದಿನ ತಿರುಮಂಗಲಂ ಬರುವಷ್ಟರಲ್ಲಿ ಅದು ನೆಲದೊಳಗೆ ಇಳಿದಿರುತ್ತದೆ. ಕೋಯಂಬೇಡುವರೆಗಿನ ಮೇಲಿನ ಮಾರ್ಗ 2015ರ ಜೂನ್‌ನಲ್ಲೇ ಶುರುವಾಯಿತು. ತಿರುಮಂಗಲಂನಿಂದ ಮುಂದಿನ ಸುರಂಗಕ್ಕೆ 2017ರ ಮೇ ತನಕ ಕಾಯಬೇಕಾಯಿತು. ಈ ನಗರದ ಅಡಿಯಲ್ಲಿ ಒಂದೆಡೆ ಜೇಡಿಮಣ್ಣು, ಒಂದೆಡೆ ಮರಳು, ಅವುಗಳ ಕೆಳಗೆ ಚಾರ್ನಕೈಟ್‌ನಂಥ ಗಟ್ಟಿ ಬಂಡೆ. ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್‌ನ ಸಮಾಧಿಯ ಕಲ್ಲು ಇದೇ ಜಾತಿಯದು. ಬಂಡೆಗೆ ಹೆಸರು ಬಂದದ್ದೂ ಅಲ್ಲಿಂದಲೇ. ಮಳೆನೀರು ಎಷ್ಟು ಕಾಲ ಹರಿದರೂ ಅದು ಸುಣ್ಣಕಲ್ಲಿನಂತೆ ಕರಗಿ ಗುಹೆಯಾಗುವುದಿಲ್ಲ. ದಾರಿ ಬೇಕೆಂದರೆ ಯಂತ್ರವೇ ಕೊರೆಯಬೇಕು.

ನೀರೇ ಕೊರೆದ ಸುರಂಗಗಳಿರುವುದು ವಾಯವ್ಯಕ್ಕೆ, ಹಳೆಯ ಕರ್ನೂಲು ಜಿಲ್ಲೆಯ ಸುಣ್ಣಕಲ್ಲಿನ ಸೀಮೆಯಲ್ಲಿ. ಬೇತಂಚೆರ್ಲ ಬಳಿಯ ಬಿಲ್ಲ ಸುರ್ಗಂ ಗುಹೆಗಳ ಬಗ್ಗೆ ಮದ್ರಾಸ್ ಸೇನೆಯ ಕ್ಯಾಪ್ಟನ್ ನ್ಯೂಬೋಲ್ಡ್ 1844ರಲ್ಲೇ ಬರೆದಿದ್ದರು. ನಲವತ್ತು ವರ್ಷಗಳ ನಂತರ ಅಲ್ಲಿಗೆ ಹೋದವರು ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಚೆನ್ನೈ ಪಕ್ಕದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿದ ಭೂವಿಜ್ಞಾನಿ ಇವರೇ. ಬಳ್ಳಾರಿ ಸೀಮೆಯ ಪ್ರಾಚೀನ ನೆಲೆಗಳ ಮೂಲಕ ಕನ್ನಡಿಗರಿಗೂ ಪರಿಚಿತರು. ಯೂರೋಪಿನ ಗುಹೆಗಳಲ್ಲಿ ಸಿಕ್ಕಂತೆ ಇಲ್ಲಿಯೂ ಆದಿಮಾನವನ ಕುರುಹು ಸಿಗಬಹುದೆಂದು ಲಂಡನ್ನಿನ ವಿಜ್ಞಾನಿ ಥಾಮಸ್ ಹಕ್ಸ್ಲಿ ಮದ್ರಾಸಿನ ಗವರ್ನರರನ್ನು ಒತ್ತಾಯಿಸಿದ್ದರಿಂದ ಈ ಕೆಲಸ ಅವರ ಪಾಲಿಗೆ ಬಂತು. ಫೂಟ್ ಅಗೆದರು, ಬಳಿಕ ಅವರ ಮಗ ಹೆನ್ರಿ ಮುಂದುವರಿಸಿದರು. ಪ್ರಾಣಿಗಳ ಎಲುಬುಗಳು ಹೇರಳವಾಗಿ ಸಿಕ್ಕವು. ಅದೇ ಹೊತ್ತಿಗೆ, 1884ರಲ್ಲಿ, ಬೇಲಂ ಗುಹೆಯೂ ಫೂಟ್ ಅವರ ಮೂಲಕ ದಾಖಲೆಗೆ ಬಂತು.

ಎರಡೂ ಹೆಸರುಗಳಲ್ಲಿ ಇರುವುದು ‘ಬಿಲ’. ಕನ್ನಡದಲ್ಲಿ ಅದು ಇಲಿಗೋ ಹಾವಿಗೋ ಸಾಕಾಗುವ ತೂತು. ಆ ಸೀಮೆಯಲ್ಲಿ ಕಿಲೋಮೀಟರುಗಟ್ಟಲೆ ಉದ್ದದ ಕತ್ತಲೆ. ಬೇಲಂನ ಮೇಲ್ಭಾಗ ಸಪಾಟಾದ ಹೊಲ. ಬಾವಿಯಂಥ ಕುಳಿಗಳು ಕಾಣದಿದ್ದರೆ ಕೆಳಗೆ 3,229 ಮೀಟರ್ ಉದ್ದದ ಗುಹೆಯಿದೆ ಎಂದು ಯಾರೂ ಊಹಿಸಲಾರರು.

ಮಳೆನೀರು ಗಾಳಿಯಿಂದ, ಅದಕ್ಕಿಂತ ಹೆಚ್ಚಾಗಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿಗೆ ಸುಣ್ಣಕಲ್ಲು ಕರಗುತ್ತದೆ. ಇಷ್ಟು ಶಾಲೆಯ ಪಾಠ. ಆದರೆ ಕಲ್ಲೆಲ್ಲ ಒಂದೇ ಸಮನೆ ಕರಗಿದ್ದರೆ ನೆಲ ಸವೆಯುತ್ತಿತ್ತೇ ಹೊರತು ಗುಹೆ ಆಗುತ್ತಿರಲಿಲ್ಲ. ಈ ಕಲ್ಲಿನ ಮೈಯೊಳಗೆ ನೀರು ಸುಲಭವಾಗಿ ಇಂಗುವುದಿಲ್ಲ. ಅದಕ್ಕಿರುವ ದಾರಿ ಎರಡೇ: ಭೂಮಿಯ ಒತ್ತಡಕ್ಕೆ ಕಲ್ಲು ಸೀಳಿದಲ್ಲಿ ಉಂಟಾದ ನೆಟ್ಟನೆಯ ಬಿರುಕು, ಮತ್ತು ಒಂದು ಪದರ ಇನ್ನೊಂದರ ಮೇಲೆ ಕೂತ ಅಡ್ಡ ಸಂದು. ಕೂದಲೆಳೆಯಷ್ಟು ಅಗಲವಾದ ಬಿರುಕಿಗೆ ಪಕ್ಕದ್ದಕ್ಕಿಂತ ಹೆಚ್ಚು ನೀರು ನುಗ್ಗುತ್ತದೆ. ಹೆಚ್ಚು ನೀರು ಹೆಚ್ಚು ಕರಗಿಸುತ್ತದೆ. ಅದು ಮತ್ತಷ್ಟು ಅಗಲವಾಗುತ್ತದೆ. ಕೊನೆಗೆ ಕೆಲವೇ ಬಿರುಕುಗಳು ಓಣಿಗಳಾಗಿ, ಉಳಿದವು ಬಿರುಕುಗಳಾಗಿಯೇ ಉಳಿಯುತ್ತವೆ. ಬಿರುಕು ಹಿಡಿದು ಬೆಳೆದ ಓಣಿ ಇಕ್ಕಟ್ಟು, ಎತ್ತರ. ಪದರದ ಸಂದು ಹಿಡಿದದ್ದು ತಗ್ಗು, ಅಗಲ. ಎರಡೂ ಕೂಡಿದಲ್ಲಿ ನೀರಿಗೆ ಅನುಕೂಲ ಹೆಚ್ಚು. ಅಂಥಲ್ಲಿ ಹಜಾರಗಳು ತೆರೆದುಕೊಳ್ಳುತ್ತವೆ. ಹಾಗಾಗಿ ಗುಹೆಯ ನಕ್ಷೆಯೆಂದರೆ, ಬಹುಮಟ್ಟಿಗೆ, ನೀರು ಬರುವ ಎಷ್ಟೋ ಕಾಲ ಮೊದಲೇ ಕಲ್ಲಿನಲ್ಲಿದ್ದ ಬಿರುಕುಗಳ ನಕ್ಷೆ.

ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಹಾಳೆ ಹಾಳೆಯಾಗಿ ಕೂತ ಈ ಕಲ್ಲು ಬಹುಮಟ್ಟಿಗೆ ಮಡಿಕೆ ಬೀಳದೆ ಸಪಾಟಾಗಿ ಉಳಿದಿದೆ. ಆ ಹಾಳೆಗಳ ಸಂದಿಗೆ ಉಳಿಯಿಟ್ಟು ಎಬ್ಬಿಸಿದ ಚಪ್ಪಡಿಯೇ ನಮ್ಮ ಕಡಪ ಕಲ್ಲು. ನೀರಿಗೆ ದಾರಿ ಬಿಟ್ಟ ಸಂದೇ ಕಲ್ಲುಕುಟಿಗನಿಗೂ ದಾರಿ. ಅಡುಗೆಕಟ್ಟೆಯ ಕಡಪದ ಮೇಲೆ ನಿಂಬೆರಸ ಚೆಲ್ಲಿ ಹಾಗೇ ಬಿಟ್ಟರೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುತ್ತದೆ. ಬೇಲಂನಲ್ಲಿ ಸಾವಿರಾರು ವರ್ಷ ನಡೆದದ್ದು ಇದೇ, ಇದಕ್ಕಿಂತ ಎಷ್ಟೋ ತೆಳುವಾದ ಹುಳಿಯಿಂದ.

ಫೂಟ್ ನಂತರ ಬೇಲಂ ಸುಮಾರು ನೂರು ವರ್ಷ ಮರೆವಿಗೆ ಸಂದಿತು. 1980ರ ದಶಕದ ಆರಂಭದಲ್ಲಿ ಡೇನಿಯಲ್ ಗೆಬೌಯರ್ ನೇತೃತ್ವದ ಜರ್ಮನ್ ತಂಡ ಅದನ್ನು ವಿವರವಾಗಿ ಅಳೆಯಿತು. ಆ ಕಾಲಕ್ಕೆ ಸುತ್ತಲ ಊರುಗಳಿಗೆ ಗುಹೆಯ ಬಾಯಿ ಕಸ ಸುರಿಯುವ ಗುಂಡಿಯಾಗಿತ್ತು. 1988ರವರೆಗೂ ಹಾಗೇ ನಡೆಯಿತು. ಬಳಿಕ ಸ್ಥಳೀಯರೇ ಮುಂದೆ ನಿಂತು ತೆಗೆಸಿದರು. 2002ರಲ್ಲಿ ಗುಹೆ ಪ್ರವಾಸಿಗರಿಗೆ ತೆರೆಯಿತು.

ಕಸ ತೆಗೆದದ್ದು ನೋಟದ ಚಂದಕ್ಕಷ್ಟೇ ಅಲ್ಲ. ಮರಳು ಮಣ್ಣಿನ ನೆಲದಲ್ಲಿ ನೀರು ನಿಧಾನವಾಗಿ ಸೋಸಿಕೊಂಡು ಇಳಿಯುತ್ತದೆ. ಸುಣ್ಣಕಲ್ಲಿನ ಓಣಿಗಳಲ್ಲಿ ಸೋಸುವವರಿಲ್ಲ. ಕುಳಿಗೆ ಬಿದ್ದ ಹೊಲಸನ್ನು ನೀರು ಬಿರುಕಿನಿಂದ ಬಿರುಕಿಗೆ ಹಾಗೆಯೇ ಸಾಗಿಸಿ ಯಾರದೋ ಬಾವಿಗೆ ಮುಟ್ಟಿಸಬಲ್ಲದು. ಅಂಥ ಸೀಮೆಯಲ್ಲಿ ಕಲ್ಲುಗಣಿಗೋ ಕಸಕ್ಕೋ ಜಾಗ ಗೊತ್ತುಮಾಡುವ ಮೊದಲು ನೆಲದ ಬಿರುಕುಗಳು ಯಾವ ದಿಕ್ಕಿಗೆ ಹೋಗುತ್ತವೆ ಎಂದು ನೋಡಬೇಕು. ಕುಡಿಯುವ ನೀರೂ ಅದೇ ದಿಕ್ಕಿಗೆ ಹೋಗುತ್ತಿರುತ್ತದೆ.