ವರ್ಡ್ ಕಡತ ಅಂಧರಿಗೂ ಎಟಕಬೇಕೆ? ಟೈಪ್ ಮಾಡುವಾಗಲೇ ಇಷ್ಟು ಮಾಡಿ

ಸರ್ಕಾರಿ ಆದೇಶವನ್ನು ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಸ್ಕ್ಯಾನ್ ಮಾಡಿ ವೆಬ್‌ಸೈಟಿಗೆ ಹಾಕುವುದು ರೂಢಿ. ಕಣ್ಣು ಕಾಣುವವರಿಗೆ ಅದು ಆದೇಶ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಬರೀ ಫೋಟೊ. ಓದಲು ಅದರಲ್ಲಿ ಅಕ್ಷರವೇ ಇಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಮಾಹಿತಿ ಎಲ್ಲರಿಗೂ ಎಟಕುವಂತೆ ಮಾಡುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆದರೆ ನಮ್ಮ ಕರಪತ್ರ, ಮನವಿ, ಸಭೆಯ ನಡಾವಳಿಗಳ ಕತೆ?

ಯುನಿಕೋಡ್: ನುಡಿ, ಬರಹದ ಹಳೆಯ ಫಾಂಟ್‌ಗಳಲ್ಲಿ ಕನ್ನಡ ಬರೀ ತೋರಿಕೆಗೆ; ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಸ್ಕ್ರೀನ್ ರೀಡರ್ ಓದುವುದೂ ಅವನ್ನೇ. ಹೊಸದನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ, ಹಳೆಯದನ್ನು ಪರಿವರ್ತಿಸಿ.

ತಲೆಬರಹ: ಬೋಲ್ಡ್ ಮಾಡಿದರೆ ಸಾಲದು, ಸ್ಟೈಲ್ಸ್‌ನಲ್ಲಿ ಹೆಡಿಂಗ್ ಆರಿಸಿ. ಆಗ ಕೇಳುವವರು ಬೇಕಾದ ಭಾಗಕ್ಕೆ ನೇರ ಹೋಗಬಹುದು.

ಚಿತ್ರ: ಅದು ಏನು ಹೇಳುತ್ತೆ ಅಂತ ಆಲ್ಟ್ ಟೆಕ್ಸ್ಟ್‌ನಲ್ಲಿ ಒಂದು ಸಾಲು ಬರೆಯಿರಿ.

ಕೋಷ್ಟಕ: ಮನೆಗಳನ್ನು ಮರ್ಜ್ ಮಾಡಬೇಡಿ, ಮೊದಲ ಸಾಲನ್ನು ಹೆಡರ್ ಎಂದು ಗುರುತಿಸಿ.

ಬಣ್ಣ: ಮುಖ್ಯ ಸಂಗತಿಯನ್ನು ಕೆಂಪಕ್ಷರದಿಂದಷ್ಟೇ ತೋರಿಸಬೇಡಿ. ಬಣ್ಣಗಳ ವ್ಯತ್ಯಾಸ ಕಾಣದವರಿಗೆ ಗೊತ್ತಾಗಲ್ಲ.

ಕೊನೆಗೆ ವರ್ಡ್‌ನ ರಿವ್ಯೂ ಮೆನುವಿನಲ್ಲಿ ಚೆಕ್ ಆಕ್ಸೆಸಿಬಿಲಿಟಿ ಒತ್ತಿ, ತೋರಿಸಿದ ತಪ್ಪು ತಿದ್ದಿ. ಪಿಡಿಎಫ್ ಬೇಕಿದ್ದರೆ ಸ್ಕ್ಯಾನ್ ಬಿಟ್ಟು ಸೇವ್ ಆಸ್ ಮೂಲಕ ಮಾಡಿ. ಸಹಿ ಬೇಕೇ ಬೇಕು ಅನ್ನುವವರಿಗೆ ಡಿಜಿಟಲ್ ಸಹಿ ಇದೆ.

ಡಿಜಿಟಲ್ ಸಹಿಯೊಂದನ್ನು ಬಿಟ್ಟರೆ ಇದರಲ್ಲಿ ಖರ್ಚಿನ ಬಾಬತ್ತು ಯಾವುದೂ ಇಲ್ಲ. ಓದಲಾಗದ ಆದೇಶವನ್ನು ಪ್ರಶ್ನಿಸುವುದಾದರೂ ಹೇಗೆ? ಮುಂದಿನ ಮನವಿಯಲ್ಲಿ ಇದನ್ನೂ ಕೇಳಿ. ಆ ಮನವಿಯನ್ನು ಯುನಿಕೋಡ್‌ನಲ್ಲೇ ಬರೆಯಿರಿ.