ಸದನ ಹಲಗಾದಲ್ಲಿ, ಉತ್ತರ ಹಿಡಕಲ್‌ನಲ್ಲಿ

ಹಿಡಕಲ್ ಡ್ಯಾಮಿನ ಕಾಲನಿಗೆ ನೀರಾವರಿ ಇಲಾಖೆಯ ಗುಮಾಸ್ತನಾಗಿ ನಾನು ಬಂದದ್ದು 1979ರಲ್ಲಿ. ಅಣೆಕಟ್ಟು ಮುಗಿದು ಎರಡು ವರ್ಷವಾಗಿತ್ತು. ಬಂದ ಹೊಸತರಲ್ಲೇ ಹೆಡ್ ಕ್ಲಾರ್ಕ್ ಹೇಳಿಬಿಟ್ಟರು: “ಅಧಿವೇಶನ ಐತಿ, ರಜಾ ಅರ್ಜಿ ತರಬ್ಯಾಡ.” ಬೆಂಗಳೂರಿನಲ್ಲಿ ಶಾಸಕರು ಕೂಡುವುದಕ್ಕೂ ಘಟಪ್ರಭೆಯ ದಂಡೆಯಲ್ಲಿ ನಾನು ರಜೆ ಹಾಕುವುದಕ್ಕೂ ಏನು ಸಂಬಂಧ ಎಂದು ಅವತ್ತು ತಿಳಿದಿರಲಿಲ್ಲ.

ಸಂಬಂಧವಿದ್ದದ್ದು ಎಲ್.ಎ.ಕ್ಯೂ. ಎಂಬ ಕಾಗದದಲ್ಲಿ. ಯಾವುದೋ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೊಟ್ಟರೆ ಅದು ಸಚಿವಾಲಯದಿಂದ ಮುಖ್ಯ ಇಂಜಿನಿಯರರಿಗೆ, ಅಲ್ಲಿಂದ ಅಧೀಕ್ಷಕರಿಗೆ, ಕಾರ್ಯನಿರ್ವಾಹಕರಿಗೆ, ಕೊನೆಗೆ ಉಪವಿಭಾಗಕ್ಕೆ ಇಳಿದು ನಮ್ಮ ಮೇಜಿಗೆ ಬರುತ್ತಿತ್ತು. ನೀರು ಕಾಲುವೆಯ ತುದಿಗೆ ಮುಟ್ಟದಿದ್ದರೂ ಪ್ರಶ್ನೆ ಮಾತ್ರ ತುದಿಯವರೆಗೆ ತಪ್ಪದೆ ಮುಟ್ಟುತ್ತದೆ ಎಂದು ನಮ್ಮ ಓವರ್‌ಸಿಯರ್ ನಗುತ್ತಿದ್ದರು. ಕಾಗದದ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ) ಇಂಥ ವಿತರಣಾ ಕಾಲುವೆಯ ಕೊನೆಯ ಜಮೀನುಗಳಿಗೆ ನೀರು ತಲುಪದಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? “ಬಂದಿದೆ.” (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? “ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ.” ಮೇಲಿನ ಎರಡು ಸಾಲು ಯಾರು ಬೇಕಾದರೂ ಬರೆಯಬಹುದು. ನಿದ್ದೆ ಕೆಡಿಸುತ್ತಿದ್ದದ್ದು ಅನುಬಂಧ. ಊರುವಾರು ಎಕರೆ, ವರ್ಷವಾರು ಖರ್ಚು, ಗುತ್ತಿಗೆದಾರರ ಹೆಸರು, ಎಲ್ಲ ಸೇರಿ ಹನ್ನೆರಡು ಪುಟ, ಕಾರ್ಬನ್ ಹಾಳೆಯಲ್ಲಿ ಐದು ಪ್ರತಿ. ಐದನೆಯ ಪ್ರತಿಯಲ್ಲಿ 3 ಯಾವುದು, 8 ಯಾವುದು ಎಂದು ಬ್ರಹ್ಮನೇ ಬಂದರೂ ಹೇಳಲಾರ. ಅದಕ್ಕೇ ನಾವು ಆ ಅಂಕಿಗಳನ್ನು ಮತ್ತೆ ಪೆನ್ನಿನಿಂದ ತಿದ್ದುತ್ತಿದ್ದೆವು.

ಸದನ ಎಂದರೆ ನನಗೆ ಹೀಗೆ ಪರಿಚಯವಾದದ್ದು, ಭಾಷಣದಿಂದಲ್ಲ, ಅನುಬಂಧದಿಂದ. ಹಾಗಾಗಿ ಈ ಭಾಗಕ್ಕೂ ಶಾಸನಸಭೆಗೂ ಇದ್ದ ನಂಟನ್ನು ನಾನು ಲೆಕ್ಕ ಹಾಕುವುದು ಕಾಗದ ಎಷ್ಟು ದೂರ ಹೋಗಬೇಕಿತ್ತು ಎಂಬುದರಿಂದ.

1956ರ ಮುಂಚೆ ಬೆಳಗಾವಿ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತು. 1935ರ ಕಾಯ್ದೆಯಡಿ 1937ರಲ್ಲಿ ಮುಂಬೈ ಪ್ರಾಂತಕ್ಕೆ 175 ಸದಸ್ಯರ ವಿಧಾನಸಭೆ ಬಂತು. ಆದರೆ ಸಭೆ ಸದಾ ಮುಂಬೈಯಲ್ಲೇ ಕೂಡುತ್ತಿರಲಿಲ್ಲ. ಬ್ರಿಟಿಷರ ಕಾಲದಿಂದಲೂ ಮಳೆಗಾಲದಲ್ಲಿ ಸರ್ಕಾರ ಪುಣೆಗೆ ಹೋಗುತ್ತಿತ್ತು, ಶಾಸನಸಭೆಯೂ ಅಲ್ಲಿನ ಕೌನ್ಸಿಲ್ ಹಾಲ್‌ನಲ್ಲಿ ಸೇರುತ್ತಿತ್ತು. ನಮ್ಮ ಕಡೆಯವರಿಗೆ ಇದು ಅನುಕೂಲವೇ. ಘಟಪ್ರಭಾ ಅಥವಾ ಗೋಕಾಕ ರೋಡ್ ಸ್ಟೇಷನ್‌ನಲ್ಲಿ ಮೀಟರ್‌ಗೇಜ್ ಗಾಡಿ ಹತ್ತಿದರೆ ಮಿರಜ ದಾಟಿ ನೇರ ಪುಣೆ. ಬೆಳಗಾವಿಯಲ್ಲಿ ಅಧಿವೇಶನ ಶುರುವಾದಾಗ “ರಾಜಧಾನಿ ಬಿಟ್ಟು ಸದನ ಎಲ್ಲಾದರೂ ಹೋಗುತ್ತದೆಯೇ” ಎಂದು ಗೊಣಗಿದವರಿಗೆ ಪುಣೆಯ ಈ ಕತೆ ಗೊತ್ತಿರಲಿಲ್ಲವೇನೋ. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ವರ್ಷವರ್ಷದ ವಾಡಿಕೆ.

ದಾರಿ ಸಲೀಸಾಗಿದ್ದರೂ ಆ ಸಭೆ ನಮ್ಮದೆನಿಸಲಿಲ್ಲ. ಮರಾಠಿ, ಗುಜರಾತಿ ಸದಸ್ಯರ ನಡುವೆ ಕನ್ನಡ ಜಿಲ್ಲೆಗಳವರು ಎಣಿಕೆಗೆ ಸಿಕ್ಕಷ್ಟು. ಕೊನೆಕೊನೆಗೆ ರೋಣ ತಾಲೂಕಿನ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು 1953ರಲ್ಲಿ ಏಕೀಕರಣಕ್ಕಾಗಿ ಆ ಸಭೆಯ ಸದಸ್ಯತ್ವವನ್ನೇ ಬಿಟ್ಟು ಉಪವಾಸ ಕೂತರು. ಮೂರು ವರ್ಷಕ್ಕೆ ರಾಜ್ಯ ಬಂತು. 1956ರ ನವೆಂಬರ್ 1ರಂದು ಚಂದಗಡ ತಾಲೂಕೊಂದನ್ನು ಬಿಟ್ಟು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಹೊಸ ವಿಧಾನಸಭೆ ಡಿಸೆಂಬರ್ 19ರಂದು ಹೊಸದಾಗಿ ಕಟ್ಟಿದ ವಿಧಾನಸೌಧದಲ್ಲಿ ಕೂಡಿತು. ಸ್ಪೀಕರ್ ಸ್ಥಾನಕ್ಕೆ ಬಂದವರು ನಮ್ಮ ಕಡೆಯವರೇ ಆದ ಎಸ್.ಆರ್. ಕಂಠಿ. ಭಾಷೆ ನಮ್ಮದಾಯಿತು, ಹಾದಿ ಮಾತ್ರ ಉದ್ದವಾಯಿತು. ಹಿಡಕಲ್‌ನಿಂದ ಬೆಂಗಳೂರು ಐದುನೂರು ಕಿಲೋಮೀಟರಿನ ಮಾತು.

ಆ ದೂರದಲ್ಲಿ ಈ ಭಾಗದವರು ಚೆನ್ನಾಗಿಯೇ ಬೇರು ಬಿಟ್ಟರು. ಅರಭಾವಿಯಿಂದ ಗೆದ್ದು ಹೋಗುತ್ತಿದ್ದ ವಿ.ಎಸ್. ಕೌಜಲಗಿ 1990ರ ದಶಕದ ಮೊದಲ ಭಾಗದಲ್ಲಿ ಸ್ಪೀಕರ್ ಆಗಿದ್ದರು. ಹುಕ್ಕೇರಿಯ ಶಾಸಕ ವಿಶ್ವನಾಥ ಕತ್ತಿ 1985ರಲ್ಲಿ ತೀರಿಕೊಂಡಾಗ ಉಪಚುನಾವಣೆಯಲ್ಲಿ ಮಗ ಉಮೇಶ ಕತ್ತಿ ಗೆದ್ದರು. ಒಟ್ಟು ಎಂಟು ಸಲ ಶಾಸಕರಾಗಿ, 2022ರ ಸೆಪ್ಟೆಂಬರ್‌ನಲ್ಲಿ ಮಂತ್ರಿಯಾಗಿದ್ದಾಗಲೇ ಅವರೂ ತೀರಿಕೊಂಡರು. ಈಗ ಅಲ್ಲಿ ಅವರ ಮಗ ನಿಖಿಲ್. ಇತ್ತ ಗೋಕಾಕದಲ್ಲಿ 1999ರಿಂದ ರಮೇಶ ಜಾರಕಿಹೊಳಿ, ಮೂಡಲಗಿಯೂ ಸೇರುವ ಅರಭಾವಿಯಲ್ಲಿ 2004ರಿಂದ ಬಾಲಚಂದ್ರ, ಯಮಕನಮರಡಿಯಲ್ಲಿ 2008ರಿಂದ ಸತೀಶ. 2021ರ ಡಿಸೆಂಬರ್‌ನಲ್ಲಿ ಲಖನ್ ಅವರೂ ವಿಧಾನ ಪರಿಷತ್ತಿಗೆ ಗೆದ್ದಾಗ ಒಂದೇ ಮನೆಯ ನಾಲ್ವರು ಅಣ್ಣತಮ್ಮಂದಿರು ಎರಡೂ ಸದನಗಳಲ್ಲಿ ಇದ್ದಂತಾಯಿತು. ಪಕ್ಷ ಯಾವುದು ಎಂದು ಹೇಳಹೊರಟರೆ ಇನ್ನೊಂದು ಅನುಬಂಧ ಬೇಕು. ಇದನ್ನು ಊರ ಹೆಮ್ಮೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಎರಡು ಮನೆಗಳ ಆಚೆ ನಾಲ್ಕು ತಾಲೂಕಿಗೆ ಆಗುವಷ್ಟು ಬುದ್ಧಿವಂತರು ಇದ್ದರು, ಅವರು ಪಿ.ಎಲ್.ಡಿ. ಬ್ಯಾಂಕಿನ ನಿರ್ದೇಶಕರಾಗುವಲ್ಲಿಗೇ ನಿಂತರು.

2006ರ ಸೆಪ್ಟೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮೊದಲ ಅಧಿವೇಶನ ನಡೆಯಿತು, ಕೆ.ಎಲ್.ಇ. ಸಂಸ್ಥೆಯ ಕಟ್ಟಡದಲ್ಲಿ. ಹಲಗಾ-ಬಸ್ತವಾಡದ ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣಬ್ ಮುಖರ್ಜಿ 2012ರ ಅಕ್ಟೋಬರ್ 11ರಂದು ಉದ್ಘಾಟಿಸಿದರು. ಸದನ ನಮ್ಮ ಮನೆ ಬಾಗಿಲಿಗೆ ಬಂತೆಂದು ಪತ್ರಿಕೆಗಳು ಬರೆದವು. ಕಚೇರಿಯಲ್ಲಿ ನಮಗೆ ಮೊದಲು ಕಂಡ ಬದಲಾವಣೆಯೇ ಬೇರೆ. ಬೆಂಗಳೂರಿನ ಕಾಲದಲ್ಲಿ “ಟಪಾಲು ತಡವಾಯಿತು” ಎನ್ನಲು ಜಾಗವಿತ್ತು. ಈಗ ಬೆಳಿಗ್ಗೆ ಹತ್ತಕ್ಕೆ ಅಂಕಿ ಕೇಳಿದರೆ ಮಧ್ಯಾಹ್ನಕ್ಕೆ ಜೀಪು ಕಳಿಸಿ ಎನ್ನುತ್ತಿದ್ದರು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್, ಪೊಲೀಸ್ ಬ್ಯಾರಿಕೇಡ್. ಅವುಗಳ ನಡುವೆ ತೊಡೆಯ ಮೇಲೆ ಫೈಲು ಇಟ್ಟುಕೊಂಡು ಕೂತ ಗುಮಾಸ್ತ. ಒಳಗೆ ಹೋಗಲು ಪಾಸು ಸಿಗಲಿಲ್ಲ. ಗೇಟಿನಲ್ಲಿ ಫೈಲು ಕೊಟ್ಟು, ಹೊರಗೆ ಟೆಂಟು ಹಾಕಿ ಕೂತಿದ್ದ ರೈತರ ಜೊತೆ ಚಹಾ ಕುಡಿದು ಬಂದೆ. ಅವರಲ್ಲಿ ಒಬ್ಬ ಕೇಳುತ್ತಿದ್ದದ್ದೂ ಅದೇ ಕಾಲುವೆಯ ತುದಿಯ ನೀರನ್ನೇ.

ಬೆಳಗಾವಿ ಅಧಿವೇಶನದ ಬಗ್ಗೆ ನನ್ನ ತಕರಾರು ಜಾಗದ್ದಲ್ಲ, ಕಾಲದ್ದು. ಇದು ಬಹುತೇಕ ಡಿಸೆಂಬರ್‌ನಲ್ಲಿ ಸುಮಾರು ಹತ್ತು ದಿನ ನಡೆಯುತ್ತದೆ. 51 ಟಿ.ಎಂ.ಸಿ. ಹಿಡಿಯುವ ನಮ್ಮ ರಾಜಾ ಲಖಮಗೌಡ ಜಲಾಶಯದ ಲೆಕ್ಕ ಅಷ್ಟರಲ್ಲಿ ಮುಗಿದಿರುತ್ತದೆ. ಹಿಂಗಾರಿಗೆ ಕಾಲುವೆಗೆ ಎಷ್ಟು ದಿನ ನೀರು ಎಂಬುದನ್ನು ನೀರಾವರಿ ಸಲಹಾ ಸಮಿತಿ ತೀರ್ಮಾನಿಸಿಬಿಟ್ಟಿರುತ್ತದೆ. ಪ್ರಶ್ನೆ ಕೇಳುವ ಹೊತ್ತು ಜುಲೈ-ಆಗಸ್ಟ್, ಒಳಹರಿವು ಏರುವಾಗ. ಇಲ್ಲವೇ ಹುನ್ನೂರಿನ ಮುಳುಗಿದ ವಿಠ್ಠಲ ಗುಡಿ ನೀರಿನಿಂದ ಹೊರಬಂದು ಜನ ಒಳಗೆ ನಡೆದು ಹೋಗುವ ಬೇಸಿಗೆ. ವರ್ಷಕ್ಕೆ ಕನಿಷ್ಠ 60 ದಿನ ಸದನ ಕೂಡಬೇಕೆಂದು 2005ರಲ್ಲಿ ರಾಜ್ಯವೇ ಕಾಯ್ದೆ ಮಾಡಿಕೊಂಡಿದೆ. ಬಹುತೇಕ ವರ್ಷ ಆ ಗುರಿ ಮುಟ್ಟಿಲ್ಲ.

2019 ಇದನ್ನೆಲ್ಲ ಒಂದೇ ವರ್ಷದಲ್ಲಿ ತೋರಿಸಿತು. ನಾನು ನಿವೃತ್ತನಾಗಿದ್ದೆ, ಟಿ.ವಿ. ಮುಂದೆ ಕೂತು ನೋಡಿದೆ. ಜುಲೈ 23ರಂದು ಕುಮಾರಸ್ವಾಮಿ ಸರ್ಕಾರ 99-105 ಮತಗಳಿಂದ ಬಿತ್ತು. 25ರಂದು ಸ್ಪೀಕರ್ ರಮೇಶ್ ಕುಮಾರ್ ಗೋಕಾಕದ ಶಾಸಕರನ್ನು ಅನರ್ಹಗೊಳಿಸಿದರು. ಮರುದಿನ ಯಡಿಯೂರಪ್ಪ ಒಬ್ಬರೇ ಪ್ರಮಾಣವಚನ ತೆಗೆದುಕೊಂಡರು. ಆಗಸ್ಟ್ 20ರವರೆಗೆ ಸಂಪುಟವೇ ಇರಲಿಲ್ಲ. ಆ ನಡುವೆಯೇ ಘಟಪ್ರಭೆ ಉಕ್ಕಿತು. ಲೋಳಸೂರ ಸೇತುವೆ ಮುಳುಗಿತು, ಗೋಕಾಕ ಪೇಟೆಯೊಳಗೆ ನೀರು ಹೊಕ್ಕಿತು. ಊರಿಗೆ ಶಾಸಕರಿಲ್ಲ, ಇಲಾಖೆಗೆ ಮಂತ್ರಿಯಿಲ್ಲ. ಆ ವರ್ಷ ಬೆಳಗಾವಿಯ ಅಧಿವೇಶನವೂ ನಡೆಯಲಿಲ್ಲ, ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ಮೂರು ದಿನ ಕೂಡಿ ಮುಗಿಸಿದರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ರಮೇಶ ಜಾರಕಿಹೊಳಿ ತಮ್ಮ ಲಖನ್‌ರನ್ನೇ ಸೋಲಿಸಿ ಗೆದ್ದು ಬಂದರು. ಫೆಬ್ರುವರಿಯಲ್ಲಿ ಸದನ ಮತ್ತೆ ಸೇರುವಷ್ಟರಲ್ಲಿ ಅವರೇ ಜಲಸಂಪನ್ಮೂಲ ಸಚಿವರು. ಗೋಕಾಕದ ನೆರೆಯ ಬಗ್ಗೆ ಕೇಳಬೇಕಾದವರು ಈಗ ಉತ್ತರದ ಕಾಲಮ್ಮಿನ ಕಡೆ ಕೂತಿದ್ದರು.